ಅವ್ವ ಹೊಲಿದ ರೆಕ್ಕೆ

ನಾನು ಅಕ್ಷರ ಕಲಿತದ್ದು ವಿಮಾನದ ರೆಕ್ಕೆಯ ಕೆಳಗೆ ಕೂತು. ಹೀಗೆಂದರೆ ಜನ ನಗುತ್ತಾರೆ. ನಂಬಿಸುವ ತಾಳ್ಮೆ ನನಗೆ ಈಗ ಉಳಿದಿಲ್ಲ. ಕಲಬುರಗಿಯ ಪಕ್ಕದ ಕುಸನೂರಿನಲ್ಲಿ ನಮ್ಮದು ಒಂದು ಪಡಸಾಲೆ, ಒಂದು ಒಳಕೋಣೆ, ಹಿಂದುಗಡೆ ತಗಡು ಹೊದಿಸಿದ ಅಡುಗೆಮನೆ, ಇಷ್ಟೇ. ಕುಸನೂರು ಆಗ ಇನ್ನೂ ಹಳ್ಳಿ. ವಿಶ್ವವಿದ್ಯಾಲಯದ ಕಂಪೌಂಡು ಮುಗಿದ ಮೇಲೆ ಹೊಲ, ಹೊಲ ಮುಗಿದ ಮೇಲೆ ನಾವು. ಈಗ ಅಲ್ಲಿ ಆಟೋ ತಿರುಗಿಸಲೂ ಜಾಗ ಸಾಲದು. ಪಡಸಾಲೆಯ ತೊಲೆಗಳಿಗೆ ತೊಟ್ಟಿಲು ಕಟ್ಟಲೆಂದು ಬಡಿದ ಕಬ್ಬಿಣದ ಕೊಂಡಿಗಳಿದ್ದವು. ನಾನು ತೊಟ್ಟಿಲಿನಿಂದ ಇಳಿದ ಮೇಲೆ ಅಪ್ಪ ಆ ಕೊಂಡಿಗಳಿಗೆ ಹಗ್ಗ ಹಾಕಿ, ಅಲ್ಯುಮಿನಿಯಂ ಕೊಳವೆಗಳನ್ನು ಜೋಡಿಸಿ ತಾನೇ ಕಟ್ಟುತ್ತಿದ್ದ ವಿಮಾನದ ಬಲರೆಕ್ಕೆಯನ್ನು ತೂಗುಹಾಕಿದ. ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದರೂ ಅದರ ತುದಿ ಬಾಗಿಲಿನಿಂದ ಹೊರಗೆ ಇಣುಕುತ್ತಿತ್ತು. ಹಾಗಾಗಿ ನಮ್ಮ ಮನೆಯ ಮುಂಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕಳ್ಳರ ಭಯ ಇರಲಿಲ್ಲವೇ ಎಂದು ಕೇಳಿದವರಿಗೆ ಅವ್ವ, ಬಂದ ಕಳ್ಳ ಮೊದಲು ತಲೆ ಒಡೆದುಕೊಳ್ಳುತ್ತಾನೆ, ಆಮೇಲೆ ತಾನೇ ಕೂಗುತ್ತಾನೆ ಎನ್ನುತ್ತಿದ್ದಳು. ಎಡರೆಕ್ಕೆ ಹಿತ್ತಿಲ ಗೋಡೆಗೆ ಒರಗಿತ್ತು. ನಾವು ಊಟಕ್ಕೆ ಕೂತಾಗ ತಲೆಯ ಮೇಲೆ ಬಲರೆಕ್ಕೆ ಮೆಲ್ಲಗೆ ತೂಗುತ್ತಿತ್ತು. ಎತ್ತರದ ನೆಂಟರು ಬಗ್ಗಿಯೇ ಒಳಗೆ ಬರಬೇಕು. ಅವ್ವನಿಗೆ ಮಾತ್ರ ಅಷ್ಟು ಚಂದದ ಕೊಳವೆಗಳು ಖಾಲಿ ತೂಗುವುದು ಕಂಡರೆ ಕೈ ತುರಿಸುತ್ತಿತ್ತು. ಒಗೆದ ಬಟ್ಟೆ ತಂದು ಸಾಲಾಗಿ ಒಣಹಾಕಿಬಿಡುತ್ತಿದ್ದಳು.

“ಅದು ರೆಕ್ಕಿ ಅದ, ಅರಿವಿ ಒಣಗ್ಸೋ ಹಗ್ಗಲ್ಲ,” ಅಪ್ಪ ಕೆಲಸದಿಂದ ಬಂದವನೇ ಚೀರುತ್ತಿದ್ದ.

“ಹಾರೋ ತನಕರ ಏನರ ಉಪಯೋಗಕ್ಕ ಬರ್ಲಿ ಬಿಡ್ರಿ,” ಅವ್ವ ಒಳಗಿನಿಂದಲೇ ಹೇಳುತ್ತಿದ್ದಳು.

ಅಪ್ಪ ಸರಕಾರಿ ತರಬೇತಿ ಕೇಂದ್ರವೊಂದರಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಸ್ಟ್ರು. ಹುಟ್ಟಿ ಬೆಳೆದದ್ದು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ. ಅವನು ಸಣ್ಣವನಿದ್ದಾಗ ಅಲ್ಲಿಯ ಹತ್ತಿ ಹೊಲಗಳಿಗೆ ಔಷಧ ಸಿಂಪಡಿಸಲು ಒಂದು ಪುಟ್ಟ ವಿಮಾನ ಬಂದಿತ್ತಂತೆ. ಊರಿಗೆ ಊರೇ ಓಡಿಹೋಗಿ ನೋಡಿತು. ಅದು ಎಷ್ಟು ಕೆಳಗೆ ಹಾದುಹೋಯಿತೆಂದರೆ ನಡೆಸುವವನ ಮುಖ ಕೂಡ ಕಂಡಿತು; ಅವನು ಬಾಯಿ ತೆರೆದು ಆಕಳಿಸುತ್ತಿದ್ದ. ಉಳಿದ ಹುಡುಗರು ವಿಮಾನ ನೋಡಿ ಮನೆಗೆ ಬಂದರು, ಅಪ್ಪ ಆ ಆಕಳಿಕೆ ನೋಡಿ ಬಂದ. ಆಕಳಿಸುತ್ತಾ ಮಾಡುವ ಕೆಲಸ ತನಗೇಕೆ ಬಾರದು ಎಂಬುದು ಅವನ ಲೆಕ್ಕ. ಸಂಬಳ ಕೈಗೆ ಬಂದ ಮೇಲೆ ಹೊರದೇಶದಿಂದ ನಕ್ಷೆಗಳನ್ನು ತರಿಸಿದ. ಕೊಳವೆಗಳು ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ಬಸ್ಸಿನ ಮೇಲೆ ಬಂದವು. ಇಂಜಿನು ಹುಮನಾಬಾದ್ ರಸ್ತೆಯಲ್ಲಿ ಲಾರಿಗೆ ಸಿಕ್ಕು ನಜ್ಜುಗುಜ್ಜಾದ ಒಂದು ಸಣ್ಣ ಕಾರಿನದು. ಕಾರಿನಲ್ಲಿ ನೆಟ್ಟಗೆ ಉಳಿದಿದ್ದದ್ದು ಅದೊಂದೇ. ಗಾಲಿಗಳು ಮೊಪೆಡ್ಡಿನವು. ಮುಂದಿನ ಕಟ್ಟಿಗೆಯ ಪಂಕವನ್ನು ಅವನೇ ಕೆತ್ತಿದ. ಎರಡು ಸಲ ಸೀಳಿತು, ಮೂರನೆಯದು ನಿಂತಿತು. ಹಾರಿಸುವುದನ್ನು ಹೈದರಾಬಾದಿನ ಕಡೆ ಯಾವುದೋ ಕ್ಲಬ್ಬಿಗೆ ರಜೆ ರಜೆಗೆ ಹೋಗಿ ಕಲಿತ. ಹೋಗಿ ಬಂದಾಗಲೆಲ್ಲ ಅವ್ವನಿಗೆ ಒಂದು ಡಬ್ಬಿ ಬಿಸ್ಕೀಟು ತಂದುಕೊಟ್ಟು ಮುಖ ಉಳಿಸಿಕೊಳ್ಳುತ್ತಿದ್ದ. ಹಾರಾಟಕ್ಕೆ ಅನುಮತಿ ಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಅರ್ಜಿ ಹಾಕಿದ್ದೇನೆ ಎನ್ನುತ್ತಿದ್ದ. ಅದು ಬರುವ ತನಕ ಸುಮ್ಮನೆ ಕೂರುವ ಜಾಯಮಾನ ಅವನದಾಗಿರಲಿಲ್ಲ.

ಕುರ್ಚಿಗಳ ಜಗಳ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮಂಚಕ್ಕೆ ಹೆಣೆಯುವ ನವಾರ ಪಟ್ಟಿ ತಂದು, ಕೊಳವೆಯ ಚೌಕಟ್ಟಿಗೆ ಹೆಣೆದು, ಒಂದರ ಪಕ್ಕ ಒಂದು ಎರಡು ಕುರ್ಚಿ ಮಾಡಿ ಮುಗಿಸಿದ್ದ. ಅವತ್ತು ಪುಂಡಿಪಲ್ಲೆ, ಜೋಳದ ರೊಟ್ಟಿ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಆ ಕುರ್ಚಿಗಳನ್ನೇ ನೋಡುತ್ತಿದ್ದಳು.

“ಎರಡು ಯಾಕ್ರಿ? ಹಾರವ್ರು ನೀವೊಬ್ರೆ.”

“ಒಂದೇ ಕುರ್ಚಿಂದು ಮಾಡಿದ್ರ ಅದು ಆಟಗಿ ಸಾಮಾನು ಆಗ್ತದ. ಎರಡಿದ್ರ ವಾಹನ.”

“ಎರಡನೇದ್ರಾಗ ಯಾರು ಕುಂದರ್ತಾರ ಮತ್ತ?”

“ಯಾರಂದ್ರ? ನಮ್ಮ ರೇಣು.”

ರೇಣು ಎಂದರೆ ನಾನು. ಅವ್ವನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಇರೋದೊಂದು ಕೂಸು, ನಿಮಗೆ ಬುದ್ಧಿ ಇದೆಯೇ ಎಂದು ಆಮೇಲೆ ಅವಳು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಅಪ್ಪ ತಲೆ ಎತ್ತದೆ ಉಂಡ. ನನಗಂತೂ ಖುಷಿಗೆ ರೊಟ್ಟಿ ತಿನ್ನುವುದೇ ಮರೆತುಹೋಯಿತು. ಮರುದಿನ ಶಾಲೆಯಲ್ಲಿ ಎಲ್ಲರಿಗೂ ಸಾರಿಬಿಟ್ಟೆ. ಮೇಲಿನಿಂದ ಯಾರ ಮನೆ ಹೇಗೆ ಕಾಣುತ್ತದೆ ಎಂದು ನೋಡಿ ಬಂದು ಹೇಳುವುದಾಗಿ ಗೆಳತಿಯರಿಗೆಲ್ಲ ಮಾತು ಕೊಟ್ಟೆ. ಮನೆಯಲ್ಲಿ ಮೂರು ಹೊತ್ತೂ ಆ ಎರಡನೆಯ ಕುರ್ಚಿಯಲ್ಲೇ ಕೂತು ಓದುತ್ತಿದ್ದೆ. ನನ್ನ ಗೆಳತಿಯರು ಬಂದರೆ ಮುಟ್ಟಲೂ ಬಿಡುತ್ತಿರಲಿಲ್ಲ. ಅಷ್ಟು ಸೊಕ್ಕು ನನಗೆ ಮುಂದೆ ಯಾವ ಹುದ್ದೆಯಲ್ಲೂ ಬರಲಿಲ್ಲ.

ರೆಕ್ಕೆಗೆ ಬಟ್ಟೆ ಹೊದಿಸುವ ಕೆಲಸ ಬಂದಾಗ ಮನೆಯ ಹವಾ ಬದಲಾಯಿತು. ಕೊಳವೆಗಳ ಹಂದರಕ್ಕೆ ತಲೆದಿಂಬಿನ ಗವಸಿನಂತೆ ಉದ್ದನೆಯದೊಂದು ಗವಸು ಹೊಲಿಯಬೇಕು, ತುದಿಯ ಕಡೆಯಿಂದ ಎಳೆದು ತೊಡಿಸಬೇಕು, ಬುಡದ ಕಡೆ, ಅಂದರೆ ಕೂತವರ ತಲೆಯ ಮೇಲೆ ಬರುವ ಬಾಯಿಯನ್ನು ಕೈಯಿಂದ ಹೊಲಿದು ಮುಚ್ಚಬೇಕು. ಗಾಳಿ ಎತ್ತುವುದು ಈ ಬಟ್ಟೆಯನ್ನೇ. ಬಟ್ಟೆ ಬಿಚ್ಚಿದರೆ ಉಳಿಯುವುದು ಬರೀ ಕೊಳವೆ, ಕೊಳವೆ ಹಾರುವುದಿಲ್ಲ. ಅಪ್ಪ ಕಿತ್ತಳೆ ಬಣ್ಣದ ಗಟ್ಟಿ ಬಟ್ಟೆ ತಂದು ಬಜಾರಿನಲ್ಲಿ ಶಾಮಿಯಾನ ಹೊಲಿಯುವ ಒಬ್ಬ ವಯಸ್ಸಾದ ದರ್ಜಿಯ ಹತ್ತಿರ ಹೋದ. ನಾನೂ ಜೊತೆಗಿದ್ದೆ. ಅವನು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ, ಬಹುತ್ ಅಚ್ಛಾ ಮಾಲು ಎಂದ, ಯಾತಕ್ಕೆ ಎಂದು ಕೇಳಿದ. ಅಪ್ಪ ಹೇಳಿದ ಮೇಲೆ ಬಟ್ಟೆಯನ್ನು ಮಡಚಿ ವಾಪಸು ಕೊಟ್ಟ.

“ಶಾಮಿಯಾನ ಹರದ್ರ ಮಂದಿ ಬೈತಾರ ಸಾಬ್. ಇದು ಹರದ್ರ ಜಾನ್ ಹೋಗ್ತದ. ಆ ಗುನಾ ನನ್ ತಲಿಗಿ ಬ್ಯಾಡ್ರಿ.”

ಅವ್ವ ಹೊಲಿಗೆಯವಳು. ಐವಾನ್-ಎ-ಶಾಹಿಯ ಕಡೆ ಅಧಿಕಾರಿಗಳ ಮನೆಗಳಿಗೆ ಹೋಗಿ ಅಳತೆ ತಂದು, ಕಾಲಿನ ಮಷೀನಿನಲ್ಲಿ ಬ್ಲೌಸು ಹೊಲಿದು, ಸಿಟಿ ಬಸ್ಸಿನಲ್ಲಿ ಒಯ್ದು ಕೊಡುತ್ತಿದ್ದಳು. ತಾನು ಹೊಲಿದ ಬ್ಲೌಸು ಒಂದೂ ಬಿಚ್ಚಿ ಸರಿ ಮಾಡಿಸಲು ತಿರುಗಿ ಬಂದಿಲ್ಲ ಎಂಬುದು ಅವಳ ಜಂಬ. ಅಪ್ಪ ಅವಳನ್ನು ಕೇಳಲೇ ಇಲ್ಲ. ಬಟ್ಟೆಯ ಗಂಟನ್ನು ಮಷೀನಿನ ಪಕ್ಕ ಇಟ್ಟು, ಶಾಮಿಯಾನದ ದರ್ಜಿ ಅಂದದ್ದನ್ನು ಹೇಳಿ, ಚಹಾ ಕುಡಿಯುತ್ತಾ ಕೂತ. ಇದು ಅವನ ಹಳೆಯ ಉಪಾಯ. ಅವ್ವ ಎರಡು ದಿನ ಗಂಟಿನ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ಎರಡು ತುಂಡು ಕತ್ತರಿಸಿ, ಅಂಚು ಮಡಚಿ, ಮಡಿಕೆಯಲ್ಲಿ ಮಡಿಕೆ ಸಿಕ್ಕಿಸಿ, ಜೋಡಿ ಹೊಲಿಗೆ ಹಾಕಿದಳು. ಅದರ ಒಂದು ತುದಿಯನ್ನು ತೊಲೆಯ ಕೊಂಡಿಗೆ ಕಟ್ಟಿ ಇನ್ನೊಂದಕ್ಕೆ ಬೀಸುಕಲ್ಲು ತೂಗುಬಿಟ್ಟಳು. ಸಾಲದೆಂದು ತಾನೂ ಜೋತುಬಿದ್ದಳು. ಕೊಂಡಿಯ ಪಕ್ಕದ ಗಾರೆ ಉದುರಿತು, ಹೊಲಿಗೆ ಅಲುಗಲಿಲ್ಲ.

“ನಾನೇ ಹೊಲಿತೀನಿ,” ಎಂದಳು. “ಆದ್ರ ಒಂದು ಮಾತು ತಿಳ್ಕೋರಿ. ನಾಳಿ ಇದು ಹರದು ನಿಮಗೇನರ ಆದ್ರ, ಕೊಂದಾಕಿ ನಾನೇ ಆಗ್ತೀನಿ.”

“ಹಂಗ್ಯಾಕ ಮಾತಾಡ್ತಿ?”

“ಮತ್ತೆಂಗ ಮಾತಾಡ್ಲಿ?”

ಅಲ್ಲಿಂದ ಮುಂದೆ ಅವ್ವ ನಗುತ್ತಾ ಮಾತಾಡಿದ್ದು ಕಡಿಮೆ. ವಿಮಾನ ಅದುವರೆಗೆ ಅಪ್ಪನ ಹುಚ್ಚಾಗಿತ್ತು. ಬೈದು, ಬಟ್ಟೆ ಒಣಹಾಕಿ, ಅವಳು ಹಗುರಾಗಿದ್ದಳು. ಈಗ ಅದು ಅವಳ ಹೊಲಿಗೆಯ ಮೇಲೆ ನಿಂತಿತು. ಬ್ಲೌಸು ಹೊಲಿಯಲು ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ಪಡಸಾಲೆಯ ತುಂಬಾ ಕಿತ್ತಳೆ ಬಟ್ಟೆ ಹರಡಿರುತ್ತಿತ್ತು. ನಾನು ಗೋಡೆ ಹಿಡಿದು ಓಡಾಡಬೇಕು. ಒಂದು ಮಾರು ಹೊಲಿದರೆ ಉಗುರಿನಿಂದ ಪ್ರತಿ ಹೊಲಿಗೆಯನ್ನೂ ಎಬ್ಬಿಸಿ ನೋಡುತ್ತಿದ್ದಳು. ಗವಸು ಸಿದ್ಧವಾಗಿ ರೆಕ್ಕೆಗಳಿಗೆ ತೊಡಿಸಿದ ಮೇಲೂ ಬೆಳಿಗ್ಗೆ ಕಸ ಗುಡಿಸಿದವಳೇ, ಪೊರಕೆ ಮೂಲೆಗಿಟ್ಟು, ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸುತ್ತಾ ಹೋಗುತ್ತಿದ್ದಳು. ದೇವರ ಮುಂದೆ ದೀಪ ಹಚ್ಚುವುದು ಅದಾದ ಮೇಲೆ. ಉಳಿದ ಬಟ್ಟೆಯಲ್ಲಿ ನನಗೊಂದು ಮಳೆಕೋಟು ಹೊಲಿದುಕೊಟ್ಟಳು. ಕಲಬುರಗಿಯ ಬಿಸಿಲಿನಲ್ಲಿ ಮಳೆಕೋಟು ತೊಟ್ಟು ತಿರುಗುವವಳು ನಾನೊಬ್ಬಳೇ ಇದ್ದೆ.

ತೊಗರಿಯ ರಾಶಿ ಮುಗಿದ ಮೇಲೆ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಕಮಲಾಪುರಕ್ಕೆ ಒಯ್ದೆವು. ಅಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಒಬ್ಬಳೇ ಬಾಳೆಯ ತೋಟ ಮತ್ತು ಸ್ವಲ್ಪ ಹೊಲ ನೋಡಿಕೊಂಡು, ಆಳುಗಳನ್ನು ಗದರಿಸಿಕೊಂಡು, ಯಾರ ಹಂಗೂ ಇಲ್ಲದೆ ಇದ್ದಳು. ಕರಿಮಣ್ಣಿನ ಹೊಲದಲ್ಲಿ ಗಾಲಿ ಹೂತುಹೋಗುತ್ತದೆ. ತೋಟದ ಆಚೆಗೆ ಗರಸಿನ ಮಡ್ಡಿ ಇತ್ತು, ಗಟ್ಟಿ ನೆಲ, ಕಲ್ಲು ಆರಿಸಿದರೆ ಓಡಲು ಬರುತ್ತಿತ್ತು. ಆಯಿ ಆಳುಗಳನ್ನು ಹಚ್ಚಿ ಕಲ್ಲು ಆರಿಸಿದಳು. ರೆಕ್ಕೆಯ ಬುಡದ ಬಾಯಿಗಳು ಮಾತ್ರ ಇನ್ನೂ ತೆರೆದಿದ್ದವು, ಒಳಗಿನ ತಂತಿ ಬಿಗಿಯುವುದಕ್ಕೆ. ಅಪ್ಪ ತಂತಿ ಬಿಗಿದಾದ ಮೇಲೆ ಅವ್ವ ಎಡರೆಕ್ಕೆಯ ಬಾಯಿ ಹೊಲಿದಳು. ಬಲರೆಕ್ಕೆಗೆ ಬರುವಷ್ಟರಲ್ಲಿ ಆಯಿ ಸೂಜಿ ದಾರ ಹಿಡಿದು ಎದುರಿಗೆ ಕೂತಿದ್ದಳು. ಆಯಿ ಹೊಲಿದ ಕೌದಿಗಳು ಆ ಓಣಿಯ ಪ್ರತಿ ಮನೆಯಲ್ಲೂ ಇದ್ದವು. ಹಳೆಯ ಸೀರೆಗಳ ಪದರು ಪೇರಿಸಿ ಅವಳು ಹಾಕಿದ ಸಾಲುಹೊಲಿಗೆ ನೂಲು ಹಿಡಿದು ಗೆರೆ ಎಳೆದಷ್ಟು ನೇರ. ಒಂದು ಬಾಯಿಯಾದರೂ ತನ್ನ ಕೈಯಿಂದ ಆಗಲಿ ಎಂದು ಅವಳ ಹಟ. ಅವ್ವ ಹಿಂದೆಮುಂದೆ ನೋಡಿ, ಅತ್ತೆಯ ಕೈ ಒಳ್ಳೆಯದೆಂದು ಗೊತ್ತಿದ್ದರಿಂದ, ಒಪ್ಪಿದಳು.

ಪಂಕಕ್ಕೆ ಇಂಜಿನಿನಿಂದ ಹೋಗುವ ಬೆಲ್ಟು ಹೈದರಾಬಾದಿನಿಂದ ಬರುವುದು ತಡವಾಯಿತು. ವಿಮಾನವನ್ನು ದನದ ಮೇವಿನ ಕಣಿಕೆ ಒಟ್ಟಿದ ಕೊಟ್ಟಿಗೆಯಲ್ಲಿಟ್ಟು ನಾವು ಕುಸನೂರಿಗೆ ಬಂದೆವು. ಬೆಲ್ಟು ಬಂದ ಮೇಲೆ ಒಂದು ಭಾನುವಾರ ಮತ್ತೆ ಹೋದೆವು. ಅಪ್ಪ ಅವತ್ತೇ ಹಾರುವುದೆಂದು ಹೇಳಿಕೊಂಡಿದ್ದರಿಂದ ಓಣಿಯವರು ಬಾಳೆತೋಟದ ಬದುವಿನ ಮೇಲೆ ಆಗಲೇ ಜಾಗ ಹಿಡಿದಿದ್ದರು. ಅವ್ವ ಚಹಾ ಕೂಡ ಕುಡಿಯದೆ ಕೊಟ್ಟಿಗೆಗೆ ಹೋದಳು. ಎಡರೆಕ್ಕೆಯ ಮೇಲೆ ಬೆರಳಾಡಿಸಿ ಮುಗಿಸಿ ಬಲರೆಕ್ಕೆಯ ಬುಡಕ್ಕೆ ಬಂದಾಗ ಅವಳ ಬೆರಳು ಬಟ್ಟೆಯೊಳಕ್ಕೆ ಹೋಯಿತು. ಒಂದು ರೂಪಾಯಿಯ ಅಗಲದ ತೂತು, ಅಂಚೆಲ್ಲ ಕಡಿದ ಗುರುತು. ಅವ್ವ ಕತ್ತರಿ ತಂದು ಬಾಯಿ ಬಿಚ್ಚಿದಳು. ಒಳಗೆ ಇಲಿಯ ಹಿಕ್ಕೆ, ಬೆಲ್ಲದ ಜಿಗುಟು, ರೊಟ್ಟಿಯ ಚೂರು.

ಆಯಿಯ ತವರಿನಲ್ಲಿ ಒಂದು ಪದ್ಧತಿ. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುಂಡು ರೊಟ್ಟಿ, ಚೂರು ಬೆಲ್ಲ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ಅವರ ನಂಬಿಕೆ. ಆಯಿ ತನ್ನ ಬಾಳಿನಲ್ಲಿ ಹಾಗಲ್ಲದೆ ಒಂದು ಬಾಯಿಯನ್ನೂ ಮುಚ್ಚಿದವಳಲ್ಲ. ಮಗನ ರೆಕ್ಕೆಗೂ ಅದನ್ನೇ ಮಾಡಿದ್ದಳು, ಯಾರಿಗೂ ಹೇಳದೆ, ಸೆರಗಿನ ಮರೆಯಲ್ಲಿ. ಅವ್ವ ಆ ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು. ಅವಳು ಅತ್ತೆಯ ಮುಂದೆ ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಅತ್ತಿ, ಇದೇನ್ರಿ ಇದು? ನಿಮ್ಮ ಮಗನ್ನ ಕೊಲ್ಲಾಕ ಇಟ್ಟಿದ್ರೇನು?”

“ಬಾಯಿ ತೊಳ್ಕೊ ಸುಶೀಲಾ. ಅವನ ಹೊಟ್ಟಿ ತಣ್ಣಗಿರ್ಲಿ ಅಂತ ಇಟ್ಟೀನಿ. ಇಷ್ಟು ಕೌದಿ ಹೊಲ್ದೀನಿ, ಒಂದಕ್ಕರ ಇಲಿ ಬಾಯಿ ಹಾಕ್ಯಾವೇನು?”

“ಕೌದ್ಯಾಗ ಮಂದಿ ಮಲಗ್ತಾರ್ರಿ, ಅದಕ್ಕ ಹಾಕಿಲ್ಲ. ಇದ್ರಾಗ ಯಾರು ಮಲಗಿದ್ರು?”

ಆಯಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅಪ್ಪ ಇಬ್ಬರ ನಡುವೆ ನಿಂತು, ತೂತಿಗೆ ಒಂದು ತೇಪೆ ಹಾಕು, ಮುಗಿಯಿತು, ಜನ ಕಾಯುತ್ತಿದ್ದಾರೆ ಎಂದ. ಅವ್ವ ಅವನ ಮುಖವನ್ನೂ ನೋಡಲಿಲ್ಲ. ಇಲಿ ಒಳಗೆಲ್ಲ ಓಡಾಡಿದೆ, ಎಲ್ಲೆಲ್ಲಿ ಹಲ್ಲು ಹಚ್ಚಿದೆಯೋ ಹೊರಗಿನಿಂದ ಕಾಣುವುದಿಲ್ಲ, ಪೂರಾ ಗವಸು ತೆಗೆಯಬೇಕು ಎಂದಳು. ಅಪ್ಪ ಸಿಟ್ಟಿನಿಂದ ನಟ್ಟು ಬಿಗಿಯುವ ಪಾನಾ ಎಸೆದ. ಅದು ಬಾಳೆಯ ಗಿಡಕ್ಕೆ ತಾಗಿತು. ಅವ್ವ ಬಿಚ್ಚುತ್ತಲೇ ಇದ್ದಳು. ಬದುವಿನ ಮೇಲಿನ ಜನ ಸ್ವಲ್ಪ ಹೊತ್ತು ನೋಡಿ, ಗೊಣಗುತ್ತಾ ಎದ್ದುಹೋದರು.

ಬಿಚ್ಚಿದ ಗವಸನ್ನು ಒಳಹೊರಗು ಮಾಡಿ, ಒಂದು ಕಡೆ ಬೇವಿನ ಕೊಂಬೆಗೆ, ಇನ್ನೊಂದು ಕಡೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬಿಸಿಲಿಗೆ ಹಿಡಿದೆವು. ನಾನು ಅದರ ಕೆಳಗೆ ಅಂಗಾತ ಮಲಗಿ, ಸೂಜಿಮೊನೆಯಷ್ಟು ಬೆಳಕು ಎಲ್ಲಿ ಕಂಡರೂ ಹೇಳಬೇಕು. ಅವ್ವ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾಳೆ. ಕಿತ್ತಳೆ ಬೆಳಕಿನಲ್ಲಿ ಮಲಗಿ ಹಾಗೆ ಹುಡುಕಿದ ಆ ಮಧ್ಯಾಹ್ನಕ್ಕಿಂತ ಹೆಚ್ಚಿನದನ್ನು ನನಗೆ ಇಂಜಿನಿಯರಿಂಗ್ ಕಾಲೇಜು ಕಲಿಸಲಿಲ್ಲ ಎಂದರೆ ನನ್ನ ಗುರುಗಳು ಸಿಟ್ಟಾಗಬಾರದು. ಬುಡದ ಕಡೆಯ ಒಂದು ಪಟ್ಟಿ ಪೂರ್ತಿ ಕೆಟ್ಟಿತ್ತು. ಹೊಸ ಪಟ್ಟಿಗೆ ಬಟ್ಟೆ ಬೇಕಲ್ಲ. ಉಳಿದಿದ್ದದ್ದು ನನ್ನ ಮಳೆಕೋಟು. ನಾನು ಕೊಡುವುದಿಲ್ಲ ಎಂದು ಅದನ್ನು ತೊಟ್ಟುಕೊಂಡೇ ಹೊರಳಾಡಿ ಅತ್ತೆ. ಅವ್ವ ಸಮಾಧಾನ ಹೇಳಲಿಲ್ಲ, ತೋಳು ಹಿಡಿದು ಕಳಚಿಕೊಂಡಳು. ಆಯಿಯ ಮನೆಯಲ್ಲಿ ಮಷೀನು ಇರಲಿಲ್ಲ, ಆದ್ದರಿಂದ ಎಲ್ಲವೂ ಕೈಹೊಲಿಗೆ. ಅವ್ವ ಒಬ್ಬಳೇ ಹೊಲಿಯುತ್ತಿದ್ದಾಗ ಆಯಿ ಹೊರಗೆ ಬಂದಳು, ಕೇಳದೆಯೇ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂತಳು. ಸಂಜೆಯ ಹೊತ್ತಿಗೆ ಆಯಿ, ದಾರಕ್ಕೆ ಮೇಣ ಹಚ್ಚಿಕೋ, ಜಾರುತ್ತದೆ ಎಂದಳು. ಅವ್ವ ಹೂಂ ಎಂದಳು. ಕೊನೆಯ ಬಾಯಿಯನ್ನು ಅವ್ವನೇ ಮುಚ್ಚಿದಳು. ಆಮೇಲೆ ಒಲೆಯ ಕೆಂಡ ತುಂಬಿದ ಇಸ್ತ್ರಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಳೆದಳು. ಕಾವಿಗೆ ಬಟ್ಟೆ ಬಿಗಿದುಕೊಂಡು, ಬೆರಳಿಂದ ಬಡಿದರೆ ಬಾರಿಸುವ ಹಲಗೆಯಂತೆ ಸದ್ದು ಮಾಡಿತು.

ಅಪ್ಪ ಒಬ್ಬನೇ ಹಾರಿದ್ದು ಅದಾದ ವಾರಕ್ಕೆ, ಬೆಳಗಿನ ತಂಪಿನಲ್ಲಿ. ಹೇಳಿಕೊಳ್ಳುವಂಥ ವಿಶೇಷ ಏನೂ ನಡೆಯಲಿಲ್ಲ. ಇಂಜಿನು ಕೂಗಿತು, ಧೂಳೆದ್ದಿತು, ಮಡ್ಡಿಯ ಮೇಲೆ ಕುಪ್ಪಳಿಸುತ್ತಾ ಓಡಿ, ನಾವು ನೋಡನೋಡುತ್ತಲೇ ಗಾಲಿ ನೆಲ ಬಿಟ್ಟಿತು. ಬಾಳೆತೋಟದ ಮೇಲೆ ಒಂದು ಸುತ್ತು ಹಾಕಿ ಇಳಿದ. ಆಯಿ ದೃಷ್ಟಿ ತೆಗೆದಳು. ಓಣಿಯವರು ಅಪ್ಪನನ್ನು ಹೆಗಲ ಮೇಲೆ ಹೊತ್ತರು. ಅವ್ವ ಮಾತ್ರ ಎಲ್ಲರನ್ನೂ ಸರಿಸಿ, ಇನ್ನೂ ಬಿಸಿಯಾಗಿದ್ದ ವಿಮಾನದ ಹತ್ತಿರ ಹೋಗಿ, ಬಲರೆಕ್ಕೆಯ ಬುಡದ ಹೊಲಿಗೆಯನ್ನು ಮುಟ್ಟಿ ನೋಡುತ್ತಿದ್ದಳು. ನಾನು ಆಗಲೇ ಹೊಸ ಫ್ರಾಕು ತೊಟ್ಟು, ಎರಡು ಜಡೆ ಹಾಕಿಸಿಕೊಂಡು, ಎರಡನೆಯ ಕುರ್ಚಿಯ ಪಕ್ಕಕ್ಕೆ ಬಂದು ನಿಂತಿದ್ದೆ.

“ಬಾ ರೇಣು, ಹತ್ತು,” ಎಂದ ಅಪ್ಪ.

“ತಡೀರಿ,” ಎಂದಳು ಅವ್ವ. “ಒಬ್ರ ಭಾರಕ್ಕ ತಾಳ್ಯಾದ. ಇಬ್ರ ಭಾರಕ್ಕ ತಾಳ್ತದೋ ಇಲ್ಲೋ ಯಾರಿಗಿ ಗೊತ್ತು?”

“ನಾ ಲೆಕ್ಕ ಹಾಕೀನಿ ಅಲ್ಲ. ಇಕಿ ಏನು ಭಾರ ಅದಾಳ?”

“ನಿಮ್ಮ ಲೆಕ್ಕ ಕೊಳವಿಂದು. ಹೊಲಿಗಿ ನಂದು. ಮೊದಲ ನಾ ಕುಂದರ್ತೀನಿ. ನನ್ನ ಭಾರ ತಾಳಿದ್ರ ಆಮ್ಯಾಲ ಇಕಿ.”

ಅವ್ವನನ್ನು ಬಲ್ಲವರಿಗೆ ಈ ಮಾತಿನ ಭಾರ ಗೊತ್ತು. ಮಾಳಿಗೆಯ ಏಣಿ ಹತ್ತಲೂ ಹೆದರುವ ಹೆಂಗಸು ಅವಳು. ನಾನು ಕಾಲು ಬಡಿದೆ. ಅದು ನನ್ನ ಕುರ್ಚಿ, ಅಪ್ಪ ಮಾತು ಕೊಟ್ಟಿದ್ದಾನೆ ಎಂದು ಊರಿಗೆ ಕೇಳುವಂತೆ ಅತ್ತೆ. ಅಪ್ಪನೂ ನನ್ನ ಪರವಾಗಿ ಏನೋ ಹೇಳಲು ಹೊರಟು ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವ್ವ ಸೀರೆಯನ್ನು ಹೊಲದಲ್ಲಿ ಕಳೆ ಕೀಳುವವರ ಹಾಗೆ ಕಚ್ಚೆ ಕಟ್ಟಿ, ನವಾರದ ಕುರ್ಚಿಯಲ್ಲಿ ಕೂತು, ಪಟ್ಟಿ ಬಿಗಿಸಿಕೊಂಡಳು. ಅವಳ ತುಟಿ ಬಿಳಿಚಿಕೊಂಡಿತ್ತು. ಆಯಿ ನನ್ನನ್ನು ಎಳೆದು ಮಡಿಲಿಗೆ ಒತ್ತಿಕೊಂಡಳು. ವಿಮಾನ ಮೊದಲಿಗಿಂತ ಬಹಳ ದೂರ ಓಡಿತು. ಮಡ್ಡಿ ಮುಗಿಯುವ ಕಡೆ ಬೇಲಿ ಇತ್ತು; ಅದಕ್ಕೆ ತಾಗಿಯೇಬಿಟ್ಟಿತು ಎನ್ನುವಾಗ ಮೇಲಕ್ಕೆ ಹೋಯಿತು. ಆಯಿಯ ಕೈ ನನ್ನ ಭುಜದಲ್ಲಿ ನೋಯುವಷ್ಟು ಊರಿತ್ತು. ಬಾಳೆತೋಟ ದಾಟಿ, ಊರ ಮನೆಗಳ ಮೇಲೆ ಹೋಗಿ, ರಸ್ತೆಯ ಗುಂಟ ತಿರುಗಿ ಬಂದರು. ಇಳಿಯುವಾಗ ಒಂದು ಸಲ ಪುಟಿಯಿತು, ನಿಂತಿತು. ಅವ್ವ ಇಳಿದವಳೇ ನೆಲದ ಮೇಲೆ ಕೂತುಬಿಟ್ಟಳು. ಆಯಿ ನೀರು ತಂದು ಕುಡಿಸಿದಳು.

“ತಾಳ್ತದ,” ಎಂದಳು ಅವ್ವ. “ರೇಣುನ್ನ ಕುಂದರ್ಸ್ರಿ.”

ಅಷ್ಟರಲ್ಲಿ ಗಾಳಿ ಎದ್ದಿತ್ತು. ಅಪ್ಪ ಆಕಾಶ ನೋಡಿ, ಇವತ್ತು ಬೇಡ, ನಾಳೆ ಬೆಳಿಗ್ಗೆ ಎಂದ. ಮರುದಿನ ಬೆಳಿಗ್ಗೆ ನಾವು ಚಹಾ ಕುಡಿಯುವ ಹೊತ್ತಿಗೆ ಜೀಪು ಬಂದಿತು. ಊರ ಮನೆಗಳ ಮೇಲೆ ಹಾರಿದರೆ ಸುದ್ದಿ ನಿಲ್ಲುತ್ತದೆಯೇ? ಬಂದವರು ಒರಟಾಗಿ ಮಾತಾಡಲಿಲ್ಲ. ಒಬ್ಬ ಪೊಲೀಸನಂತೂ ಎರಡನೆಯ ಕುರ್ಚಿಯಲ್ಲಿ ಕೂತು ನೋಡಿದ, ಅದೂ ನನ್ನ ಕಣ್ಣೆದುರಿಗೆ. ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಸರಕಾರಿ ನೌಕರಿಯಲ್ಲಿರುವವರು ಹೀಗೆ ಮಾಡಬಾರದು, ಇನ್ನು ಮುಂದೆ ಹಾರಿಸುವುದಿಲ್ಲ ಎಂದು ಬರೆದುಕೊಡಿ ಎಂದರು. ಅಪ್ಪ ಬಾಗಿಲ ಕಟ್ಟೆಯ ಮೇಲೆ ಕೂತು ಬರೆದುಕೊಟ್ಟ. ಅನುಮತಿ ಕೊನೆಗೂ ಬರಲಿಲ್ಲ. ಅವನೂ ಕೊಟ್ಟ ಮಾತು ಮುರಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಇಂಜಿನು ತೋಟಕ್ಕೆ ನೀರೆತ್ತಿತು, ಗಾಲಿಗಳು ಕೈಗಾಡಿಗೆ ಹೋದವು, ಕಿತ್ತಳೆ ಬಟ್ಟೆ ಕಣಿಕೆಯ ಬಣವಿಯ ಮೇಲೆ ಹೊದಿಕೆಯಾಗಿ ಬಹಳ ಕಾಲ ಬಾಳಿತು. ಅಪ್ಪ ಆ ವಿಷಯ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಎರಡು ಸಲ ಹಾರಿಸಿದೆ ಎನ್ನುತ್ತಿದ್ದ, ಅಷ್ಟೇ. ನಾನು ಇಂಜಿನಿಯರಾಗಿ ಹಳ್ಳಿಗಳಲ್ಲಿ ನೀರಿನ ಟ್ಯಾಂಕು ಕಟ್ಟಿಸುವ ಕೆಲಸಕ್ಕೆ ಸೇರಿದೆ. ಹೊಸ ಟ್ಯಾಂಕಿಗೆ ಮೊದಲ ಸಲ ನೀರು ಏರಿಸುವ ದಿನ ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೆ. ಮೇಡಂಗೆ ತಲೆ ಕೆಟ್ಟಿದೆ ಎಂದು ಗುತ್ತಿಗೆದಾರರು ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತು. ಆದರೆ ಸಿಮೆಂಟು ಕದಿಯಲು ಅವರು ಸ್ವಲ್ಪ ಹೆದರುತ್ತಿದ್ದರು.

ಅದೆಲ್ಲ ನಂತರದ ಮಾತು. ಬರೆದುಕೊಟ್ಟ ದಿನ ಮಧ್ಯಾಹ್ನ ನಾನೂ ಅವ್ವನೂ ಕಲಬುರಗಿಯ ಬಸ್ಸು ಹತ್ತಿದೆವು. ಅಪ್ಪ ರೆಕ್ಕೆ ಬಿಚ್ಚಲು ಹಿಂದೆ ಉಳಿದ. ನಾನು ಅವ್ವನ ಕಡೆ ಬೆನ್ನು ಹಾಕಿ ಕೂತಿದ್ದೆ. ಶಾಲೆಯಲ್ಲಿ ಏನು ಹೇಳಲಿ? ಕೊನೆಗೆ, ನನಗೆ ಸಿಗದಿದ್ದರೂ ನೋಡಿದವಳ ಬಾಯಿಂದಲಾದರೂ ಕೇಳಿ ಹೇಳೋಣ ಎಂದು ಲೆಕ್ಕ ಹಾಕಿ ತಿರುಗಿದೆ. ಮೇಲಿನಿಂದ ಆಯಿಯ ಮನೆ ಹೇಗೆ ಕಂಡಿತು ಎಂದು ಕೇಳಿದೆ.

“ನೋಡಿಲ್ಲವ್ವ.”

“ಬಾಳಿ ತ್ವಾಟ? ರಸ್ತಾ?”

“ಏನೂ ನೋಡಿಲ್ಲ. ತಲಿ ಮ್ಯಾಲೇ ಹೊಲಿಗಿ ಇತ್ತಲ್ಲ, ಹತ್ತಿದಾಗಿಂದ ಇಳಿಯೋ ತನಕ ಅದ್ನೇ ನೋಡ್ಕೋತ ಕುಂತಿದ್ದೆ.”

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಕಮಲಾಪುರದಲ್ಲಿ ಆ ಕುರ್ಚಿಯಲ್ಲಿ ಕೂತು ಹಾರಿದವಳು ಇವಳೊಬ್ಬಳು, ಇನ್ನು ಯಾರೂ ಹಾರುವುದಿಲ್ಲ, ಇವಳು ಕಣ್ಣು ಕೂಡ ಕೆಳಗೆ ಹಾಕಿಲ್ಲ. ನನ್ನ ಜಾಗ ಕಸಿದುಕೊಂಡು ಹೋದವಳು ನೋಡಿಯಾದರೂ ಬರಬೇಕಿತ್ತು, ಯಾಕೆ ನೋಡಲಿಲ್ಲ ಎಂದು ಬಸ್ಸಿನವರೆಲ್ಲ ತಿರುಗುವಂತೆ ಕೂಗಿದೆ.

ಅವ್ವ ನನ್ನನ್ನು ಬೈಯಲಿಲ್ಲ. ಪ್ರಶ್ನೆಯೇ ತನಗೆ ಅರ್ಥವಾಗಲಿಲ್ಲ ಎನ್ನುವಂತೆ ನನ್ನ ಮುಖ ನೋಡಿದಳು.

“ನಾ ನೋಡಾಕ ಹೋಗಿದ್ನೇನು?” ಎಂದಳು.

ಅವಳ ಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿದ ಕರಿಯ ಚುಕ್ಕೆಗಳಿದ್ದವು, ಆ ಕೈಯನ್ನು ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಬಸ್ಸು ಕಲಬುರಗಿ ಮುಟ್ಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.